ಒಂದು ಕಿರು ಉಗಿಬಂಡಿಯ ಮೂರು ಆಶ್ರಯಗಳು

ಸ್ಮಾರಕ ಸಂರಕ್ಷಣೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅರಸರ, ಸರ್ಕಾರಗಳ ಹಾಗೂ ಪುರಾತತ್ತ್ವ ಇಲಾಖೆಗಳ ಕಾರ್ಯವನ್ನೇ ಗಣನೆಗೆ ತಂದುಕೊಳ್ಳುತ್ತಾರೆ. ಕೈಗೆ ಮಸಿ ಹತ್ತಿಸಿಕೊಂಡು ದುಡಿದ ಜನಸಾಮಾನ್ಯರು ಉಳಿಸಿದ ವಸ್ತುಗಳ ಕಡೆಗೆ ನಮ್ಮ ದೃಷ್ಟಿ ಹರಿಯುವುದು ಅಪೂರ್ವ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಲಾಸ್ ಗ್ಯಾಟೋಸ್ ಎಂಬ ಊರಿನ ಉದ್ಯಾನದಲ್ಲಿರುವ ಬಿಲ್ಲಿ ಜೋನ್ಸ್ ವೈಲ್ಡ್‌ಕ್ಯಾಟ್ ರೈಲುಮಾರ್ಗವನ್ನು ಇಲ್ಲಿ ನಾವು ವಿವೇಚನೆಗೆ ತೆಗೆದುಕೊಂಡಿರುವುದು ಈ ಕಾರಣದಿಂದ. (ಆ ಊರಿನ ಸ್ಪ್ಯಾನಿಷ್ ಹೆಸರಿಗೆ 'ಬೆಕ್ಕುಗಳು' ಎಂದರ್ಥ, ರೈಲಿಗೆ ಕಾಡುಬೆಕ್ಕಿನ ಹೆಸರು ಒಪ್ಪುವಂಥದೇ.) ಅದರ ಕಂಬಿಗಳ ನಡುವಣ ಅಂತರ 18 ಅಂಗುಲ, ದೊಡ್ಡ ರೈಲುಗಳ ಪ್ರಮಾಣಿತ ಅಳತೆಯಾದ 4 ಅಡಿ 8½ ಅಂಗುಲದ ಮೂರನೆಯ ಒಂದು ಪಾಲಿಗೂ ತುಸು ಕಡಮೆ.

ಈ ಮಾರ್ಗದ ಮೂಲ ಎಂಜಿನಿಗೆ 2 ಎಂಬ ಸಂಖ್ಯೆಯೇ ಹೆಸರು. ಅದು 1905ರಲ್ಲಿ ಲಾಸ್ ಏಂಜಲೀಸಿನ ಜಾನ್ಸನ್ ಯಂತ್ರಾಗಾರದಲ್ಲಿ ನಿರ್ಮಿತವಾಯಿತು. ಅಬಟ್ ಕಿನ್ನಿ ಎಂಬ ಧನಿಕನು ಕಡಲ ತೀರದ ಜೌಗುಭೂಮಿಯಲ್ಲಿ ಕಾಲುವೆಗಳನ್ನು ತೋಡಿಸಿ, ಇಟಲಿಯ ವೆನಿಸ್ ನಗರದ ಅನುಕರಣವಾಗಿ ಊರೊಂದನ್ನು ಕಟ್ಟಿಸಿ, ಅದೇ ವರ್ಷದ ಜುಲೈ 4ರಂದು ತೆರೆದಿದ್ದನು. ವಿಹಾರಕ್ಕೆಂದು ಅಲ್ಲಿಗೆ ಬಂದವರನ್ನು ಈ ಕಿರುಬಂಡಿ ಸುತ್ತಾಡಿಸುತ್ತಿದ್ದಿತು. ಅದರ ಮೊದಲ ಆಶ್ರಯ ವಾಣಿಜ್ಯವೆಂಬುದನ್ನು ಮರೆಮಾಚಬೇಕಾಗಿಲ್ಲ. ವಾಣಿಜ್ಯದ ಆಶ್ರಯ ಬಹುಕಾಲ ನಿಲ್ಲಲಿಲ್ಲ. ಕಿನ್ನಿ 1920ರಲ್ಲಿ ತೀರಿಕೊಂಡನು; 1920ರ ದಶಕದಲ್ಲಿಯೇ ರೈಲು ನಿಂತುಹೋಯಿತು; 1929ರಲ್ಲಿ ಕಾಲುವೆಗಳಲ್ಲಿ ಬಹುಪಾಲನ್ನು ಮುಚ್ಚಿ ಮೋಟಾರುಗಳಿಗೆ ರಸ್ತೆ ಮಾಡಿದರು. ಯಾವ ಕೃತಕ ವೈಭವಕ್ಕಾಗಿ ಎಂಜಿನು ಹುಟ್ಟಿತೋ ಆ ವೈಭವವೇ ಮೊದಲು ಮಣ್ಣುಪಾಲಾಯಿತು.

1939ರಲ್ಲಿ, ಹಳೆಯ ಕಬ್ಬಿಣವಾಗಿ ಕರಗಿಹೋಗಲಿದ್ದ ಇದನ್ನು ಬಿಲ್ಲಿ ಜೋನ್ಸ್ ಕೊಂಡುಕೊಂಡರು. ಜೋನ್ಸರು ವಿದ್ವಾಂಸರಲ್ಲ, ಸಂಗ್ರಾಹಕರೂ ಅಲ್ಲ. ಸದರ್ನ್ ಪೆಸಿಫಿಕ್ ರೈಲ್ವೆಯಲ್ಲಿ ಎಂಜಿನ್ ನಡೆಸುತ್ತಿದ್ದವರು. ತಮ್ಮ ತೋಟದಲ್ಲಿ ಕಂಬಿ ಹಾಸಿ, ಎಂಜಿನನ್ನು ಮತ್ತೆ ಓಡುವಂತೆ ಮಾಡಿ, ಭಾನುವಾರಗಳಲ್ಲಿ ನೆರೆಹೊರೆಯ ಮಕ್ಕಳನ್ನು ಹಣ ಪಡೆಯದೆ ಕೂರಿಸಿಕೊಂಡು ಹೋಗುತ್ತಿದ್ದರು. ಇಲ್ಲಿ ಒಂದು ಅಂಶ ಗಮನಾರ್ಹ. ದಿನವೂ ದೊಡ್ಡ ಉಗಿಬಂಡಿಯನ್ನು ನಡೆಸಿದ ಕೈಗೆ ಚಿಕ್ಕದರ ಸ್ವಭಾವವೂ ತಿಳಿದಿತ್ತು. ಬಾಯ್ಲರಿನ ನೀರಿನ ಮಟ್ಟ ಇಳಿಯುವುದನ್ನು ಕಾಣಬೇಕು, ಬೆಂಕಿಯ ಬಣ್ಣವನ್ನು ಅರಿಯಬೇಕು, ಕವಾಟದ ಸದ್ದಿನಿಂದಲೇ ದೋಷವನ್ನು ಊಹಿಸಬೇಕು. ಇವು ಪುಸ್ತಕದಿಂದ ಬರುವ ವಿದ್ಯೆಗಳಲ್ಲ. ಎಂಜಿನ್ನಿನೊಡನೆ ಉಳಿದದ್ದು ಈ ವಿದ್ಯೆಯೂ ಹೌದು. ಆದರೆ ಅದು ಒಬ್ಬರ ಮೈಯಲ್ಲಿ ನೆಲೆಸಿತ್ತು.

1968ರಲ್ಲಿ ಜೋನ್ಸರು ತೀರಿಕೊಂಡಾಗ ಒದಗಿದ ಸಂಕಟದ ಸ್ವರೂಪ ಇದರಿಂದ ಸ್ಪಷ್ಟವಾಗುತ್ತದೆ. ಎಂಜಿನನ್ನು ಮಾರಿದ್ದರೆ ಅದು ಯಾರದೋ ಮನೆಯ ಒಡವೆಯಾಗಿ ಉಳಿಯುತ್ತಿತ್ತೇನೋ. ಮಕ್ಕಳ ಭಾನುವಾರಗಳು ಮಾತ್ರ ಮುಗಿಯುತ್ತಿದ್ದುವು. ಊರವರು ಕೂಡಿ ಅದನ್ನು ಉಳಿಸಿಕೊಂಡರು. ಲಾಭಾಪೇಕ್ಷೆಯಿಲ್ಲದ ಸಂಸ್ಥೆಯೊಂದರ ಆಡಳಿತದಲ್ಲಿ ಓಕ್ ಮೆಡೋ ಉದ್ಯಾನದಲ್ಲಿ ಹೊಸದಾಗಿ ಮಾರ್ಗ ನಿರ್ಮಿತವಾಗಿ, 1970ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಒಬ್ಬರು ಬಲ್ಲ ಕೆಲಸವನ್ನು ಹಲವರು ಹಂಚಿಕೊಂಡು ಕಲಿಯಬೇಕಾಯಿತು. ಅದೇ ಉದ್ಯಾನದ ಹಳೆಯ ಮರಗುದುರೆಗಳ ರಾಟೆಯನ್ನು ಕೂಡ ಸ್ವಯಂಸೇವಕರೇ ಹಲವು ವರ್ಷ ದುಡಿದು ಸರಿಪಡಿಸಿದುದನ್ನು ನೋಡಿದರೆ, ಅಭ್ಯಾಸವು ರೈಲಿನಲ್ಲಿಯೇ ನಿಲ್ಲಲಿಲ್ಲವೆಂದು ತಿಳಿಯುತ್ತದೆ.

ಇತಿಹಾಸಕಾರರಾದ ನಮಗೆ ಇಲ್ಲೊಂದು ಆಕ್ಷೇಪ ಹೊಳೆಯದಿರದು. ಓಡುವ ಯಂತ್ರ ಸವೆಯುತ್ತದೆ. ಕೊಳವೆಗಳನ್ನು ಬದಲಿಸಬೇಕು, ಚಕ್ರದ ಪಟ್ಟಿಗಳನ್ನು ಬದಲಿಸಬೇಕು, ಕೊನೆಗೆ ಬಾಯ್ಲರನ್ನೂ ಬಿಡುವಂತಿಲ್ಲ. ಹಾಗಾದರೆ 1905ರ ಆಧಾರವಾಗಿ ಅದಕ್ಕೆಷ್ಟು ಬೆಲೆ? ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರೆ ಲೋಹವೆಲ್ಲ ಮೂಲದ್ದೇ ಆಗಿರುತ್ತಿತ್ತೆಂಬುದು ನಿಜ. ಆದರೆ ಅದನ್ನು ನಡೆಸುವ ಬಗೆ ಎರಡು ತಲೆಮಾರಿನಲ್ಲಿ ಅಳಿಯುತ್ತಿತ್ತು. ಆ ಆಧಾರವನ್ನು ಮತ್ತೆ ದೊರಕಿಸಿಕೊಳ್ಳುವ ಉಪಾಯವಿಲ್ಲ. ಆದುದರಿಂದ ನಾವು ಸ್ವಯಂಸೇವಕರ ಪಕ್ಷವನ್ನೇ ಹಿಡಿಯುತ್ತೇವೆ. ಅವರಿಂದ ನಾವು ಬೇಡುವುದು ಒಂದೇ: ಬಿಚ್ಚಿದ ಪ್ರತಿಯೊಂದು ಭಾಗವೂ ಕಿನ್ನಿಯ ಕಾಲದ್ದೋ, ಜೋನ್ಸರ ಕೈಕೆಲಸವೋ, 1970ರ ಈಚಿನದೋ ಎಂಬುದನ್ನು ದಿನಚರಿಯಲ್ಲಿ ಬರೆದಿಟ್ಟು, ತೆಗೆದ ತುಂಡಿಗೊಂದು ಚೀಟಿ ಕಟ್ಟಿ ಕಪಾಟಿನಲ್ಲಿರಿಸಬೇಕು.