ಹೈಚೆಂಗ್‌ನ ಹಾವುಗಳು

1974ರ ಡಿಸೆಂಬರ್. ಈಶಾನ್ಯ ಚೀನಾದ ಲಿಯಾವೊನಿಂಗ್ ಪ್ರಾಂತ್ಯದಲ್ಲಿ ನೆಲ ಹೆಪ್ಪುಗಟ್ಟುವ ಚಳಿ. ಬಿಲದೊಳಗೆ ಚಳಿಗಾಲದ ನಿದ್ದೆಯಲ್ಲಿರಬೇಕಾದ ಹಾವುಗಳು ಹೊರಬಂದು ಹಿಮದಲ್ಲಿ ಸೆಟೆದು ಬಿದ್ದಿವೆ ಎಂದು ಹಳ್ಳಿಗರು ವರದಿ ಮಾಡತೊಡಗಿದರು. 1975ರ ಫೆಬ್ರವರಿ 4ರ ಸಂಜೆ ಅಲ್ಲಿನ ಹೈಚೆಂಗ್‌ನಲ್ಲಿ 7.3 ತೀವ್ರತೆಯ ಭೂಕಂಪವಾಯಿತು. ಅಷ್ಟರಲ್ಲಿ ಎಷ್ಟೋ ಜನ ಮನೆ ಬಿಟ್ಟು ಹೊರಗಿದ್ದರು. ಸಾವಿರಾರು ಜೀವ ಉಳಿಯಿತು. ಹಾವುಗಳು ಊರು ಕಾಪಾಡಿದವೆಂಬ ಕತೆ ಜಗತ್ತಿಗೆಲ್ಲ ಹಬ್ಬಿತು.

ದಾಖಲೆಗಳು ಬೇರೆಯದನ್ನೂ ಹೇಳುತ್ತವೆ. ಜನರನ್ನು ಹೊರಗೆ ಕರೆತಂದದ್ದು ಮುಖ್ಯವಾಗಿ ಅದಕ್ಕೆ ಮುಂಚಿನ ದಿನಗಳಲ್ಲಿ ಒಂದರ ಹಿಂದೊಂದು ಬಂದ ಸಣ್ಣ ಕಂಪನಗಳು.

ಮರುವರ್ಷವೇ ಈ ಕತೆಗೆ ಪರೀಕ್ಷೆ ಎದುರಾಯಿತು. 1976ರ ಜುಲೈ 28ರ ನಸುಕಿನಲ್ಲಿ ತಾಂಗ್‌ಶಾನ್ ನಗರ ಕುಸಿಯಿತು. ಅಲ್ಲಿ ಅಂಥ ಕಂಪನಗಳ ಸರಣಿಯೂ ಇರಲಿಲ್ಲ, ಎಚ್ಚರಿಕೆಯೂ ಇರಲಿಲ್ಲ. ಸರ್ಕಾರಿ ಲೆಕ್ಕದಲ್ಲೇ ಸತ್ತವರು 2,40,000ಕ್ಕೂ ಹೆಚ್ಚು. ಆಮೇಲೆ ವಿಚಾರಿಸಿದಾಗ ಪ್ರಾಣಿಗಳ ವಿಚಿತ್ರ ವರ್ತನೆಯ ನೆನಪುಗಳು ಅಲ್ಲಿಯೂ ರಾಶಿಯಾಗಿ ಸಿಕ್ಕವು.

ಪ್ರಾಣಿಗಳಿಗೆ ಏನೂ ತಿಳಿಯದು ಎಂದಲ್ಲ. ಭೂಕಂಪದ ಮೊದಲ, ಸಣ್ಣ ಅಲೆ ನಮಗಿಂತ ಮೊದಲು ನಾಯಿಗೆ ತಿಳಿದೀತು. ಆದರೆ ಆ ಅಂತರ ಸೆಕೆಂಡುಗಳದ್ದು. ದಿನಗಟ್ಟಲೆ ಮೊದಲಿನ ಸೂಚನೆ ಬೇಕೆಂದರೆ, ನೆಲ ನಡುಗದ ದಿನ ಬೊಗಳಿದ ನಾಯಿಯ ಲೆಕ್ಕವೂ ನಮ್ಮಲ್ಲಿರಬೇಕು. ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.