ಗಣಿಯ ನಕಾಶೆಯೂ ಗಣಕದ ಗೆರೆಯೂ

ಆಂಡರ್ಸನ್‌ಪೇಟೆಗೆ ಬಂದವರ ಕಣ್ಣಿಗೆ ಬೀಳುವುವು ಸಯನೈಡ್ ದಿಬ್ಬಗಳು. ಚಿನ್ನ ತೆಗೆದುಳಿದ ಕಲ್ಲಿನ ಪುಡಿ ಅಲ್ಲಿ ಗುಡ್ಡವಾಗಿ ನಿಂತಿದೆ. ಆ ಕಲ್ಲು ಇದ್ದ ಜಾಗವಾದರೋ ಕಾಣಿಸದು. ಅದು ನೆಲದಡಿಯ ಪೊಳ್ಳು. ಅದನ್ನು ನಮಗೆ ತೋರಿಸಬಲ್ಲುದು ನಕಾಶೆ.

ಈ ಸೀಮೆಯ ಚಿನ್ನವನ್ನು ಹೊರಗಿನವರಿಗೆ ತಿಳಿಸಿದವನೇ ಒಬ್ಬ ಮೋಜಣಿದಾರ. 1802ರಲ್ಲಿ ಮೈಸೂರಿನ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಮಾರಿಕುಪ್ಪದ ಸುತ್ತಣ ಜನ ಚಿನ್ನ ತೆಗೆಯುತ್ತಿದ್ದುದನ್ನು ಕಂಡು ವರದಿ ಮಾಡಿದನು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿ ಹತ್ತು ಸಾವಿರ ಅಡಿಗೂ ಮೀರಿ ಆಳಕ್ಕಿಳಿಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಈಗ ಇಳಿದು ಅಳೆಯುವಂತಿಲ್ಲ. ಆದಕಾರಣ ಹಳೆಯ ನಕಾಶೆಯ ಬೆಲೆ ಹೆಚ್ಚಿತು.

ಗಣಿಯ ನಕಾಶೆ ಬರೆಯುವುದು ಸುಲಭದ ಕೆಲಸವಾಗಿರಲಿಲ್ಲ. ಮೋಜಣಿದಾರನು ದೀಪದ ಬೆಳಕಿನಲ್ಲಿ ಕೋನವನ್ನೂ ದೂರವನ್ನೂ ಅಳೆದು ತರಬೇಕು; ಮೇಲಿನ ಕಚೇರಿಯಲ್ಲಿ ಅದು ಶಾಯಿಯ ಗೆರೆಯಾಗಬೇಕು. ಪ್ರತಿಗಳಿಗೆ ಒದಗಿದುದು 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿ ಮುದ್ರಣ. ಅದರಿಂದಲೇ ‘ನೀಲಿ ನಕಾಶೆ’ ಎಂಬ ಮಾತು ನಮ್ಮಲ್ಲಿ ರೂಢಿಗೆ ಬಂದಿತು.

1982ರಲ್ಲಿ ಆಟೋಕ್ಯಾಡ್ ಎಂಬ ತಂತ್ರಾಂಶ ಬಂದ ಮೇಲೆ ನಕಾಶೆಯ ಮೇಜಿನ ಕೆಲಸ ಕ್ರಮೇಣ ಗಣಕಕ್ಕೆ ಸೇರಿತು. 1993ರಲ್ಲಿ ಬಂದ ಪಿಡಿಎಫ್, ಕಾಗದದ ಹಾಳೆಯನ್ನು ಇದ್ದಂತೆಯೇ ತೋರಿಸುವ ಕಡತ. ಅದನ್ನು ಮರಳಿ ತಿದ್ದಬಹುದಾದ ನಕಾಶೆಯಾಗಿ ಮಾಡುವುದು ಹೇಗೆ?

ಪಿಡಿಎಫ್‌ಗಳಲ್ಲಿ ಎರಡು ಬಗೆ. ಗಣಕದಲ್ಲಿಯೇ ಬರೆದುದಾದರೆ ಅದರೊಳಗೆ ಗೆರೆಗಳು ಗೆರೆಗಳಾಗಿಯೇ ಇರುತ್ತವೆ. ಪರಿವರ್ತಕ ತಂತ್ರಾಂಶ ಅವನ್ನು ಹೊರತೆಗೆಯುತ್ತದೆ. ಹಳೆಯ ಹಾಳೆಯ ಸ್ಕ್ಯಾನ್ ಆದರೆ ಅದು ಬರಿಯ ಚುಕ್ಕೆಗಳ ಚಿತ್ರ. ಗಣಕ ಚುಕ್ಕೆಗಳನ್ನು ಕೂಡಿಸಿ ಗೆರೆಯನ್ನು ಊಹಿಸಬೇಕು. ಆಗ ಕಾಗದದ ಮಡಿಕೆಯೂ ಸುರಂಗವಾದೀತು. ಮಾಸಿದ ಸುರಂಗ ಮಾಯವಾದೀತು. 1 ಎಂಬುದು 7 ಆದೀತು. ಅಳತೆಯ ಮಾನ ತಪ್ಪಿದರಂತೂ ಕೇಳುವುದೇ ಬೇಡ. ನೂರು ಅಡಿಯೆಂದರೆ 30.48 ಮೀಟರು, ಅಡಿಯನ್ನು ಮೀಟರೆಂದು ಓದಿದರೆ ಗಣಿಯೇ ಮೂರು ಪಟ್ಟಿಗೂ ಮೀರಿ ಹಿಗ್ಗೀತು.

ಹಳೆಯ ನಕಾಶೆಯ ಲೋಪ ಎಂತಹುದೆಂಬುದಕ್ಕೆ ಒಂದು ನಿದರ್ಶನವುಂಟು. 2002ರ ಜುಲೈನಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಕ್ವೆಕ್ರೀಕ್ ಕಲ್ಲಿದ್ದಲ ಗಣಿಯಲ್ಲಿ ಕೆಲಸಗಾರರು ಪಕ್ಕದ ಪಾಳುಗಣಿಯ ಗೋಡೆಯನ್ನು ಒಡೆದರು. ಪಾಳುಗಣಿ ಎಲ್ಲಿಯವರೆಗೆ ಚಾಚಿತ್ತೆಂಬ ಕೊನೆಯ ನಕಾಶೆ ಅವರ ಬಳಿ ಇರಲಿಲ್ಲ. ನೀರು ನುಗ್ಗಿ ಒಂಬತ್ತು ಮಂದಿ ಸಿಕ್ಕಿಬಿದ್ದರು. ಮೂರು ದಿನಕ್ಕೂ ಹೆಚ್ಚು ಕಾಲದ ಮೇಲೆ ಎಲ್ಲರೂ ಬದುಕಿ ಹೊರಬಂದುದು ಭಾಗ್ಯ.

ಆದುದರಿಂದ ಪರಿವರ್ತನೆಯಾದೊಡನೆ ಕೆಲಸ ಮುಗಿಯಿತೆನ್ನುವಂತಿಲ್ಲ. ದೂರ ಗೊತ್ತಿರುವ ಎರಡು ಬಿಂದುಗಳನ್ನು ಹಿಡಿದು ಮಾನವನ್ನು ಸರಿಪಡಿಸಬೇಕು. ಅಂಕಿಗಳನ್ನು ಒಂದೊಂದಾಗಿ ಮೂಲದೊಡನೆ ತಾಳೆ ನೋಡಬೇಕು. ಸಂಶಯದ ಗೆರೆಗೆ ಬೇರೆ ಬಣ್ಣವಿಡಬೇಕು. ಮೂಲದ ಹಾಳೆಯನ್ನು ಜೋಪಾನವಾಗಿ ಕಾಪಾಡಬೇಕು. ಗಣಕ ಬರೆದ ಗೆರೆ ಎಷ್ಟೇ ನಯವಾಗಿದ್ದರೂ, ಅದರ ಸಾಕ್ಷಿ ಕತ್ತಲೆಯಲ್ಲಿ ನಿಂತು ಅಳೆದ ಮನುಷ್ಯನೇ. ಅವನ ಮಾತನ್ನು ನಾವು ತಪ್ಪಾಗಿ ನಕಲುಮಾಡಬಾರದು. ಆ ಪೊಳ್ಳಿನ ನೆರೆಯಲ್ಲಿ ಇಂದಿಗೂ ಜನ ಒಲೆ ಹಚ್ಚಿ ಬಾಳುತ್ತಿದ್ದಾರೆ.