ಅಬರ್ಲೆಮ್ನೊ ಶಿಲೆಯ ಯುದ್ಧಚಿತ್ರ

ಸ್ಕಾಟ್ಲೆಂಡಿನ ಆಂಗಸ್ ಪ್ರಾಂತದಲ್ಲಿರುವ ಅಬರ್ಲೆಮ್ನೊ ಗ್ರಾಮದ ಚರ್ಚಿನ ಅಂಗಳದಲ್ಲಿ ಪಿಕ್ಟ್ ಜನಾಂಗದವರ ಶಿಲೆಯೊಂದು ನಿಂತಿರುವುದು. ಇದರ ಒಂದು ಮುಖದಲ್ಲಿ ಹೆಣಿಗೆಯ ಅಲಂಕಾರವುಳ್ಳ ಶಿಲುಬೆ. ಮತ್ತೊಂದರಲ್ಲಿ ಅರ್ಥವು ಇಂದಿಗೂ ನಿರ್ಣೀತವಾಗದ ಎರಡು ಸಂಕೇತಗಳು, ಅವುಗಳ ಕೆಳಗೆ ಮೂರು ಸಾಲುಗಳ ಯುದ್ಧಚಿತ್ರ. ಬರಹವು ಒಂದಕ್ಷರವೂ ಇಲ್ಲ.

ಕ್ರಿ. ಶ. 685ನೆಯ ಮೇ 20ರಂದು ಪಿಕ್ಟರ ಅರಸನಾದ ಬ್ರಿಡೈ ನಾರ್ತಂಬ್ರಿಯದ ಎಗ್‌ಫ್ರಿತ್ ರಾಜನನ್ನು ಸಂಹರಿಸಿದ ಕಾಳಗವೇ ಇದೆಂದು ಅನೇಕರ ಮತ. ಕೆಳಗಿನ ಮೂಲೆಯಲ್ಲಿ ಹಕ್ಕಿಯು ಕುಕ್ಕುತ್ತಿರುವ ಶವವು ಆ ರಾಜನದೆನ್ನುವರು. ಕೆಲವು ರಾವುತರು ಮೂಗನ್ನು ಮರೆಮಾಡುವ ಪಟ್ಟಿಯುಳ್ಳ ಶಿರಸ್ತ್ರಾಣಗಳನ್ನು ಧರಿಸಿರುವರು. ಅಂತಹುದೇ ಒಂದು 1982ರಲ್ಲಿ ಯಾರ್ಕ್ ನಗರದಲ್ಲಿ ದೊರೆಯಿತು. ಆದರೆ ಅದು 8ನೆಯ ಶತಮಾನದ ಉತ್ತರಾರ್ಧದ್ದು. ಆ ರಾವುತರು ನಾರ್ತಂಬ್ರಿಯದವರೆಂಬುದಕ್ಕೆ ಅದು ಸಾಧಕವಾದೀತೇ ಹೊರತು ಕಾಳಗ ಯಾವುದೆಂಬುದಕ್ಕಲ್ಲ.

ರಣಭೂಮಿಯು ಸಮೀಪದ ಡನ್ನಿಖೆನ್ ಎಂಬುದಕ್ಕೆ ಹೆಸರಿನ ಸಾದೃಶ್ಯವೊಂದು ಆಧಾರ. ಉಳಿದಂತೆ ಶಿಲೆಯ ಸಾಮೀಪ್ಯದಿಂದ ರಣಭೂಮಿಯನ್ನೂ ರಣಭೂಮಿಯ ಸಾಮೀಪ್ಯದಿಂದ ಶಿಲೆಯ ವಿಷಯವನ್ನೂ ಸಾಧಿಸುವುದು, ನಮ್ಮ ತಾರ್ಕಿಕರು ಹೇಳುವಂತೆ, ಅನ್ಯೋನ್ಯಾಶ್ರಯ ದೋಷವೇ ಸರಿ. 731ರಲ್ಲಿ ತನ್ನ ಇತಿಹಾಸವನ್ನು ಮುಗಿಸಿದ ಬೀಡ್ ಎಂಬವನು, ದುರ್ಗಮ ಪರ್ವತಗಳ ಇಕ್ಕಟ್ಟಿನಲ್ಲಿ ರಾಜನು ಹತನಾದನೆಂದು ಹೇಳಿರುವನು. ಡನ್ನಿಖೆನ್ನಿನಲ್ಲಿರುವುದು ತಗ್ಗಾದ ಗುಡ್ಡ. ಆದುದರಿಂದಲೇ 2006ರಲ್ಲಿ ಅಲೆಕ್ಸ್ ವುಲ್ಫ್ ಎಂಬ ವಿದ್ವಾಂಸರು ಉತ್ತರದ ಬ್ಯಾಡೆನಾಕ್ ಸೀಮೆಯ ಡನಾಖ್ಟನ್ನನ್ನು ಸೂಚಿಸಿದರು. ಈ ಪಕ್ಷವೇ ನಮಗೆ ಯುಕ್ತವಾಗಿ ತೋರುತ್ತದೆ.

ಶಿಲೆಯಿಂದ ನಿಶ್ಚಯವಾಗಿ ತಿಳಿಯುವುದು ಬೇರೆಯೇ ಇದೆ. ನಡುವಣ ಸಾಲಿನಲ್ಲಿ ಮೂವರು ಪದಾತಿಗಳು ಒಬ್ಬ ರಾವುತನನ್ನು ಎದುರಿಸಿರುವರು. ಮುಂದಿನವನ ಕೈಯಲ್ಲಿ ಖಡ್ಗ ಮತ್ತು ಗುರಾಣಿ. ಎರಡನೆಯವನ ನೀಳವಾದ ಈಟಿಯು ಅವನನ್ನು ದಾಟಿ ಕುದುರೆಯ ಕಡೆಗೆ ಚಾಚಿದೆ. ಮೂರನೆಯವನು ಈಟಿಯನ್ನು ನೆಟ್ಟಗೆ ಹಿಡಿದು ಸರದಿಗಾಗಿ ನಿಂತಿರುವನು. ಅಶ್ವಸೇನೆಯನ್ನು ತಡೆಯುವ ವ್ಯೂಹವನ್ನು ಶಿಲ್ಪಿಯು ಚೆನ್ನಾಗಿ ಬಲ್ಲವನು.